ಗಾಲಿಗೆ ಕಲ್ಲು ಕೊಟ್ಟಿರಾ?

ಊರಿಗೆ ಹೊರಟವರಿಗೆ ಬುದ್ಧಿ ಹೇಳುವವರು ನೂರು ಮಂದಿ. ಗ್ಯಾಸ್ ಆಫ್ ಮಾಡಿದೆಯಾ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿದೆಯಾ, ನೀರಿನ ಬಾಟಲಿ ಯಾರ ಚೀಲದಲ್ಲಿದೆ, ರಾತ್ರಿ ಹೊತ್ತು ಗಾಡಿ ಓಡಿಸಬೇಡ, ನಿದ್ದೆ ಬಂದರೆ ಪಕ್ಕಕ್ಕೆ ಹಾಕಿ ಮಲಗು. ಬೀದಿಯ ತಿರುವು ದಾಟುವವರೆಗೂ ‘ಹುಷಾರು, ಹುಷಾರು’ ಬೆನ್ನಟ್ಟಿ ಬರುತ್ತಲೇ ಇರುತ್ತದೆ. ಅದೇ ಜನ ವಾಪಸು ಬಂದು ಇಳಿಯುವಾಗ ನೋಡಿ. ‘ಬಂದ್ರಾ? ಸುಸ್ತಾಯ್ತಾ? ಕಾಫಿ ಮಾಡ್ಲಾ?’ ಅಷ್ಟಕ್ಕೆ ಮುಗಿಯಿತು. ಮನೆ ಮುಂದೆ ಬಂದು ನಿಂತವನಿಗೆ ಹುಷಾರು ಅಂದರೆ ಅವನೇ ನಕ್ಕುಬಿಡುತ್ತಾನೆ. ಬಂದಾಯಿತಲ್ಲ, ಇನ್ನೆಂಥ ಹುಷಾರು?

ನನ್ನ ಅಭಿಪ್ರಾಯ ಕೇಳಿದರೆ, ಕೇಳದಿದ್ದರೂ ಹೇಳುತ್ತೇನೆ, ಎಡವಟ್ಟುಗಳೆಲ್ಲ ಹೊಂಚು ಹಾಕಿ ಕೂತಿರುವುದು ಈ ‘ಬಂದಾಯಿತಲ್ಲ’ ಅನ್ನುವ ಗಳಿಗೆಗೇ. ಕಟ್ಟುವಾಗ ಇರುವ ಎಚ್ಚರ ಬಿಚ್ಚುವಾಗ ಇರುವುದಿಲ್ಲ. ಇದು ನಾನು ಕೂತಲ್ಲೇ ಹೊಳೆಯಿಸಿಕೊಂಡ ತತ್ವವೇನಲ್ಲ. ನಮ್ಮ ಪಕ್ಕದ ಮನೆಯ ಗೌಡರು ತಮ್ಮ ಟ್ರಕ್ಕಿನ ಹಿಂಬಾಗಿಲು ತೆತ್ತು ಕಲಿತ ಪಾಠ. ಬೇಲಿಯ ಈಚೆಗಿದ್ದ ನಮಗೆ ಪುಕ್ಕಟೆ ಬಂತು.

ಗೌಡರು ಅಂದೆನಲ್ಲ, ಅವರು ಮಂಡ್ಯದವರಲ್ಲ. ನಾವಿರುವುದು ಅಮೆರಿಕದ ಓಹೈಯೋ ರಾಜ್ಯದಲ್ಲಿ, ಡೇಟನ್ ಊರಿನ ಅಂಚಿನಲ್ಲಿ. ಪಕ್ಕದ ಮನೆಯವರು ಇಲ್ಲಿಯೇ ಹುಟ್ಟಿ ಬೆಳೆದ ಅಪ್ಪಟ ಓಹೈಯೋದವರು. ಅವರಿಗೆ ಗೌಡಿಕೆ ಕೊಟ್ಟದ್ದು ಮದ್ದೂರು ಕಡೆಯಿಂದ ನಮ್ಮಲ್ಲಿಗೆ ಬಂದಿದ್ದ ನಮ್ಮ ಮಾವನವರು. ‘ಅಲ್ಲವ್ವ, ಮನೆ ಮುಂದೆ ದೊಡ್ಡ ಗಾಡಿ, ಶೆಡ್ಡಿನ ತುಂಬ ಸಾಮಾನು, ಏನು ಕೇಳಿದ್ರೂ ಒಂದು ತೀರ್ಮಾನ. ಗೌಡ ಅಲ್ದೆ ಇನ್ನೇನು?’ ಅಂದರು. ಅಂದಿನಿಂದ ನಮ್ಮ ಮನೆಯೊಳಗೆ ಅವರು ಗೌಡರೇ. ಎರಡು ಮನೆಯ ನಡುವೆ ಎದೆಮಟ್ಟದ ಮರದ ಬೇಲಿ ಹಿತ್ತಲಿನಿಂದ ಹೊರಟು ಗೌಡರ ಡ್ರೈವ್‌ವೇ ಪಕ್ಕಕ್ಕೆ ಬಂದು ಮುಗಿಯುತ್ತದೆ. ಮುಗಿಯುವ ಆ ಜಾಗವೇ ನಮ್ಮ ಅರಳಿಕಟ್ಟೆ. ಮಾವನಿಗೆ ಇಂಗ್ಲಿಷ್ ಬಾರದು, ಗೌಡರಿಗೆ ಕನ್ನಡ ಬಾರದು. ಆದರೂ ಇಬ್ಬರಿಗೂ ಮಾತು ಬೇಕು. ನಡುವೆ ದುಭಾಷಿ ಕೆಲಸ ನನಗೆ, ಸಂಬಳವಿಲ್ಲದ್ದು.

ಮಾವನಿಗೆ ಮೊದಲ ದಿನದಿಂದಲೂ ಕಣ್ಣಿದ್ದದ್ದು ಗೌಡರ ಟ್ರೇಲರ್ ಮೇಲೆ. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಫ್ರಿಜ್ಜು, ಕಕ್ಕಸು ಎಲ್ಲ ಇರುವ ಗಾಲಿ ಮೇಲಿನ ಮನೆ. ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಕೆರೆ, ಕಾಡು, ಬೆಟ್ಟ ಅಂತ ಹೊರಟುಬಿಡುತ್ತಾರೆ. ‘ಮನೆ ಬಿಟ್ಟು ನಾಕು ದಿನ ಇರವಾ ಅಂತ ಹೋಗೋನು ಮನೇನೇ ಯಾಕವ್ವ ಎಳ್ಕೊಂಡು ಹೋಗ್ತಾನೆ?’ ಅಂತ ಮಾವನ ಪ್ರಶ್ನೆ. ನಾನು ಅದನ್ನು ಹಾಗೇ ದಾಟಿಸಿದೆ. ಗೌಡರು ಗಂಭೀರವಾಗಿ ಯೋಚಿಸಿ, ‘ಹೋಟೆಲಿನ ಹಾಸಿಗೆ ನನ್ನ ಬೆನ್ನಿಗೆ ಆಗಿಬರೋದಿಲ್ಲ’ ಅಂದರು. ಮಾವ ತಲೆದೂಗಿದರು. ಬೆನ್ನುನೋವು ಎರಡೂ ದೇಶದಲ್ಲಿ ಚಲಾವಣೆಯಲ್ಲಿರುವ ನಾಣ್ಯ.

ಈ ಹುಚ್ಚು ಅಮೆರಿಕದವರದೇ ಅಂದುಕೊಳ್ಳಬೇಡಿ. ಸುಖಕ್ಕೆಂದೇ ಗಾಲಿಮನೆ ಕಟ್ಟಿಸಿ ಊರೂರು ಸುತ್ತಿದವರಲ್ಲಿ ಮೊದಲಿಗನೆಂದು ಹೆಸರಾದವನು ಬ್ರಿಟನ್ನಿನ ವಿಲಿಯಂ ಗೋರ್ಡನ್ ಸ್ಟೇಬಲ್ಸ್. ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗಾಗಿ ಸಾಹಸದ ಕಥೆ ಬರೆಯುತ್ತಿದ್ದವನು. 1885ರಲ್ಲಿ ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಅನ್ನುವ ಗಾಡಿ ಮಾಡಿಸಿ, ಎರಡು ಕುದುರೆ ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೊರಟ. ದಾರಿ ನೋಡುವುದಕ್ಕೆ ಮುಂದೆ ಮುಂದೆ ಒಬ್ಬ ಆಳು ಮೂರು ಗಾಲಿಯ ಸೈಕಲ್ಲಿನಲ್ಲಿ! ಅಮೆರಿಕದಲ್ಲಿ ಬೆಳ್ಳಿಬಣ್ಣದ ಏರ್‌ಸ್ಟ್ರೀಮ್ ಟ್ರೇಲರಿಗೆ ಕಾರಣನಾದ ವಾಲಿ ಬಯಮ್ 1931ರಲ್ಲಿ ಕಂಪನಿ ಶುರುಮಾಡಿದ. 1952ರಿಂದ ಅದರ ಕಾರ್ಖಾನೆ ನಮ್ಮ ಡೇಟನ್ನಿಗೆ ಉತ್ತರದಲ್ಲಿರುವ ಜ್ಯಾಕ್ಸನ್ ಸೆಂಟರ್ ಅನ್ನುವ ಸಣ್ಣ ಊರಲ್ಲಿದೆ. ಪಕ್ಕದ ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುವ ಗಾಲಿಮನೆಗಳ ಸಂಖ್ಯೆಯಂತೂ ಎಷ್ಟೆಂದರೆ, ಆ ಊರು ಜಗತ್ತಿಗೇ ಗಾಲಿಮನೆಯ ರಾಜಧಾನಿ ತಾನು ಅಂತ ಬೀಗುತ್ತದೆ. ಹೀಗಾಗಿ ನಮ್ಮ ಕಡೆ ಮನೆಗೊಂದು ಟ್ರೇಲರ್ ಇಲ್ಲದಿದ್ದರೂ, ಟ್ರೇಲರ್ ಬಗ್ಗೆ ಅಭಿಪ್ರಾಯವಿಲ್ಲದ ಮನೆಯಿಲ್ಲ.

ಮಾವ ಬೇಲಿಗೆ ಒರಗಿ ಗೌಡರಿಂದ ಗಾಡಿಯ ಮರ್ಮ ತಿಳಿದುಕೊಂಡ ಬಗೆ ಹೇಳಬೇಕು. ಟ್ರಕ್ಕಿನ ಹಿಂಬದಿಗೆ ಒಂದು ಉಕ್ಕಿನ ಗುಂಡು. ಭಾರದ ಟ್ರೇಲರಿಗಾದರೆ ಎರಡೂಕಾಲು ಇಂಚಿಗಿಂತ ತುಸು ದಪ್ಪದ್ದು. ಟ್ರೇಲರಿನ ಮುಂದಕ್ಕೆ ಚಾಚಿದ ಕಬ್ಬಿಣದ ಮೂತಿಯ ತುದಿಯಲ್ಲಿ ಕಪ್ಲರ್. ಅದು ಗುಂಡಿನ ಮೇಲೆ ಬೋರಲಾಗಿ ಕೂತು, ಒಳಗಿನ ಕೊಕ್ಕೆಯಿಂದ ಕೆಳಗಡೆ ಕಚ್ಚಿಕೊಳ್ಳುತ್ತದೆ. ಅದರಡಿಯಲ್ಲಿ ಎರಡು ಸರಪಳಿ, ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟಿದ್ದು. ಕಪ್ಲರ್ ಕಳಚಿಕೊಂಡರೆ ಮೂತಿ ರಸ್ತೆಗೆ ಕುಟ್ಟದೆ ಸರಪಳಿಯ ಮೇಲೆ ಬೀಳಲಿ ಅಂತ ಹಾಗೆ. ಜೊತೆಗೊಂದು ತೆಳು ಉಕ್ಕಿನ ತಂತಿ. ಟ್ರೇಲರ್ ಪೂರ್ತಿ ಬೇರೆಯಾಗಿ ಓಡತೊಡಗಿದರೆ ಆ ತಂತಿ ಒಂದು ಪಿನ್ನು ಕಿತ್ತು, ಟ್ರೇಲರಿನದೇ ಬ್ಯಾಟರಿಯಿಂದ ಅದರ ಬ್ರೇಕು ಹಿಡಿಸುತ್ತದೆ. ದೀಪಕ್ಕೂ ಬ್ರೇಕಿಗೂ ಕರೆಂಟು ಒಯ್ಯುವ ಏಳು ಕಡ್ಡಿಯ ಪ್ಲಗ್ಗು ಬೇರೆ. ಭಾರವನ್ನು ಟ್ರಕ್ಕಿನ ಮುಂದಿನ ಗಾಲಿಗೂ ಹಂಚುವುದಕ್ಕೆ ಎರಡು ಸ್ಪ್ರಿಂಗ್ ಸರಳು. ಕೊನೆಗೆ ಮೂತಿಯನ್ನು ಎತ್ತಿ ಇಳಿಸುವ ಜಾಕು, ಗುಂಡಿ ಒತ್ತಿದರೆ ಏಳುವಂಥದ್ದು.

‘ಮೂತಿ ಮೇಲೆ ಎಷ್ಟು ಭಾರ ಬತ್ತದೆ ಕೇಳವ್ವ’ ಅಂದರು ಮಾವ. ಗಾಡಿ ಒಟ್ಟು 6,000 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ 2,700 ಕಿಲೋ. ಅದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿಯ ಮೇಲಿರಬೇಕು. ಕಡಿಮೆಯಾಗಿ ಹಿಂದೆ ಭಾರ ಹೆಚ್ಚಿದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸುತ್ತಾ ಟ್ರಕ್ಕನ್ನೇ ಅಲ್ಲಾಡಿಸಿಬಿಡುತ್ತದೆ ಅಂದರು ಗೌಡರು. ಮಾವನ ಮುಖ ಅರಳಿತು. ಎತ್ತಿನ ಗಾಡಿಗೆ ಹೇರು ಹೇರುವವರಿಗೆ ಇದು ಹೊಸ ವಿಷಯವೇ? ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳು ಹಿಸುಕುತ್ತದೆ, ಮುಂಭಾರ ಹೆಚ್ಚಾದರೆ ಎತ್ತು ಮಂಡಿಯೂರುತ್ತವೆ. ಒಂದು ಹದ ಇರಬೇಕು. ನಾನು ಅನುವಾದಿಸಿದ್ದೇ ತಡ, ಗೌಡರು ಬೇಲಿಯ ಮೇಲಿಂದ ಕೈ ಚಾಚಿ ಮಾವನ ಕೈ ಕುಲುಕಿದರು. ಇಂಥ ಮಾತು ತಿಳಿದವರು ಈ ಬೀದಿಯಲ್ಲಿ ಇನ್ನೊಬ್ಬರಿದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ.

ಮಾವನ ಮುಂದಿನ ಪ್ರಶ್ನೆ ಇನ್ನೂ ಬಿಗಿ. ‘ಬಿಚ್ಚಿದ ಮ್ಯಾಲೆ ಅದನ್ನ ನಿಲ್ಸೋದು ಯಾವ್ದು?’

ಯಾವುದೂ ಇಲ್ಲ! ಅದೇ ಇಲ್ಲಿನ ಸ್ವಾರಸ್ಯ. ಯುರೋಪಿನ ಕ್ಯಾರವಾನ್‌ಗಳಿಗೆ ಕೈಬ್ರೇಕು ಇರುತ್ತದೆ. ಇಲ್ಲಿಯವಕ್ಕೆ ಸಾಮಾನ್ಯವಾಗಿ ಅದಿಲ್ಲ. ಇರುವ ಬ್ರೇಕು ಕರೆಂಟಿಗೆ ಮಾತ್ರ ಬಗ್ಗುವಂಥದ್ದು; ಪ್ಲಗ್ಗು ಕಿತ್ತರೆ ಅದು ಸುಮ್ಮನೆ ಅಲಂಕಾರ. ಆ ತಂತಿಯ ಪಿನ್ನು ಎಳೆದು ಬ್ರೇಕು ಹಿಡಿಸಿಟ್ಟುಬಿಟ್ಟರೆ ಆಗದೇ ಅಂತ ಜಾಣರು ಯೋಚಿಸುವುದುಂಟು. ಬ್ಯಾಟರಿ ಬರಿದಾಗುತ್ತದೆ, ಬ್ರೇಕಿನೊಳಗಿನ ಅಯಸ್ಕಾಂತ ಕಾದು ಕೆಡುತ್ತದೆ. ಆದ್ದರಿಂದ ಗಾಲಿಯ ಬುಡಕ್ಕೆ ಹಿಂದೂ ಮುಂದೂ ಒತ್ತಿಕೊಡುವ ಬೆಣೆಗಳೇ ದಿಕ್ಕು. ಗೌಡರು ಪೆಟ್ಟಿಗೆಯಿಂದ ತೆಗೆದು ತೋರಿಸಿದರು: ಹಳದಿ ಪ್ಲಾಸ್ಟಿಕ್ಕಿನವು, ಹಗುರ. ಮಾವ ಒಂದನ್ನು ಅಂಗೈಲಿ ಹಿಡಿದು ತೂಗಿ ನೋಡಿ ಏನೂ ಅನ್ನಲಿಲ್ಲ. ಮನೆಯೊಳಕ್ಕೆ ಬಂದಮೇಲೆ ಅಂದರು: ‘ಪ್ಲಾಸ್ಟಿಕ್ಕು ಕಣವ್ವ. ಮನೆ ನಿಲ್ಸಾಕೆ.’

ಅವರ ಅಪ್ಪ ಮಂಡ್ಯದ ಸಕ್ಕರೆ ಕಾರ್ಖಾನೆಗೆ, 1933ರಲ್ಲಿ ಶುರುವಾದ ಕಾರ್ಖಾನೆಗೆ, ಗಾಡಿಯಲ್ಲಿ ಕಬ್ಬು ಹೊಡೆದವರು. ಸರದಿ ಬರುವ ತನಕ ಸಾಲಿನಲ್ಲಿ ನಿಂತು ಎತ್ತು ಬಿಚ್ಚಿ ಮೇವು ಹಾಕುವುದು. ಆಗ ನೊಗಕ್ಕೆ ಕೈ ಹಾಕುವ ಮುಂಚೆ ಗಾಲಿಗೆ ಕಲ್ಲು. ಎತ್ತು ಎಷ್ಟೇ ದಣಿದಿರಲಿ, ಗಾಡಿ ಹೊಡೆದವನು ಎಷ್ಟೇ ಹಸಿದಿರಲಿ, ಮೊದಲು ಕಲ್ಲು. ಹುಡುಗ ಮರೆತರೆ ಚಾಟಿಯ ಕೋಲು ಎತ್ತಿಗಲ್ಲ, ಹುಡುಗನಿಗೆ.

ಈಗ ಆ ಭಾನುವಾರದ ಸಂಜೆಗೆ ಬರೋಣ. ಗೌಡರು ಮಿಶಿಗನ್ನಿನ ಯಾವುದೋ ಕೆರೆಯಂಚಿನಲ್ಲಿ ವಾರ ಕಳೆದು ಬಂದರು. ದಿನವೆಲ್ಲ ಗಾಡಿ ಓಡಿಸಿದ ಸುಸ್ತು. ಬೆಳಗಾದರೆ ಟ್ರಕ್ಕು ಬೇರೆ ಕೆಲಸಕ್ಕೆ ಬೇಕು. ಸಾಲದ್ದಕ್ಕೆ ನಮ್ಮ ಬಡಾವಣೆಯ ಸಂಘದ ಕಾಯಿದೆ: ಮನೆ ಮುಂದೆ ಟ್ರೇಲರ್ ಹೆಚ್ಚು ದಿನ ನಿಂತಿರಕೂಡದು, ನಿಂತರೆ ಕಾಗದ ಬರುತ್ತದೆ. ಡ್ರೈವ್‌ವೇ ರಸ್ತೆಯ ಕಡೆಗೆ ಚೆನ್ನಾಗಿಯೇ ಇಳಿಜಾರು. ಗೌಡರು ಟ್ರೇಲರನ್ನು ಹಿಂದಕ್ಕೆ ನೂಕಿ ಗ್ಯಾರೇಜಿನ ಹತ್ತಿರ ತಂದು ನಿಲ್ಲಿಸಿದರು. ಹೀಗಾಗಿ ಟ್ರೇಲರ್ ಮೇಲೆ, ಟ್ರಕ್ಕು ಕೆಳಗೆ, ಅದರ ಕೆಳಗೆ ರಸ್ತೆ. ಇಳಿದು ಬಂದು, ಪೆಟ್ಟಿಗೆ ತೆರೆದು, ಹಳದಿ ಬೆಣೆಗಳನ್ನು ಗಾಲಿಯ ಪಕ್ಕಕ್ಕೆ ನೆಲದ ಮೇಲೆ ಇಟ್ಟರು. ಬಗ್ಗಿ ಗಾಲಿಗೆ ಒತ್ತಬೇಕು, ಅಷ್ಟರಲ್ಲಿ ಬೀಗಲ್ ನಾಯಿ ಹಿಡಿದು ವಾಯುವಿಹಾರಕ್ಕೆ ಹೊರಟಿದ್ದ ಬೀದಿಯ ಕೊನೇ ಮನೆಯವರು ಬಂದು ನಿಂತರು.

‘ಮೀನು ಬಿತ್ತಾ?’

ಮೀನು ಹಿಡಿಯುವವರನ್ನು ಈ ಪ್ರಶ್ನೆ ಕೇಳಿ ಆಮೇಲೆ ಬೇಗ ಹೊರಡುತ್ತೇನೆ ಅನ್ನುವವರು ಯಾವ ದೇಶದಲ್ಲೂ ಇಲ್ಲ. ಗೌಡರ ಬಾಯಿ ಶುರುವಾಯಿತು. ಬಾಯಿ ಮೀನಿನ ಕಡೆ, ಕೈ ತನ್ನಷ್ಟಕ್ಕೆ ಕೆಲಸದ ಕಡೆ. ಪ್ಲಗ್ಗು ಕಿತ್ತರು. ತಂತಿ ಬಿಚ್ಚಿದರು. ಸ್ಪ್ರಿಂಗ್ ಸರಳು ಕಳಚಿ ಪಕ್ಕಕ್ಕಿಟ್ಟರು. ನಡುವೆ ಮೀನಿನ ಉದ್ದ ತೋರಿಸುವುದಕ್ಕೆ ಎರಡೂ ಕೈ ಅಗಲಿಸಿದರು. ಮತ್ತೆ ಬಗ್ಗಿ ಎರಡು ಸರಪಳಿಯನ್ನೂ ಬಿಚ್ಚಿದರು. ಮೀನು ಇನ್ನೊಂದಿಷ್ಟು ಉದ್ದವಾಯಿತು. ಹಳದಿ ಬೆಣೆಗಳು ಗಾಲಿಯಿಂದ ಗೇಣು ದೂರದಲ್ಲಿ ಬಿದ್ದೇ ಇದ್ದವು. ಕಣ್ಣಿನ ಅಂಚಿಗೆ ಹಳದಿ ಕಾಣುತ್ತಿತ್ತು. ಕಂಡಮೇಲೆ ಕೊಟ್ಟಾಯಿತು ಅಂತ ಮನಸ್ಸು ತಾನೇ ಷರಾ ಬರೆದುಕೊಂಡಿತು. ಪೂರ್ತಿ ಮರೆತು ಪೆಟ್ಟಿಗೆಯಲ್ಲೇ ಬಿಟ್ಟಿದ್ದರೆ ಒಂದು ವೇಳೆ ನೆನಪಾಗುತ್ತಿತ್ತೇನೋ. ಅರ್ಧ ಮಾಡಿದ ಕೆಲಸಕ್ಕಿರುವ ಕೇಡೇ ಇದು, ಅದು ಮುಗಿದ ಕೆಲಸದ ವೇಷ ಹಾಕಿಕೊಂಡು ನಿಂತಿರುತ್ತದೆ.

ಬೇಲಿಯ ಹತ್ತಿರವಿದ್ದ ಮಾವನಿಗೆ ಗೇಣು ಸಂದು ಕಂಡಿತು. ‘ಲೇ ಗೌಡ, ತಡಿ, ತಡಿ!’ ಅಂತ ಎರಡೂ ಕೈ ಮೇಲೆತ್ತಿ ಆಡಿಸಿದರು. ಈ ಊರಲ್ಲಿ ಕೈ ಎತ್ತಿದರೆ ನಮಸ್ಕಾರವೆಂದೇ ಲೆಕ್ಕ. ಗೌಡರು ನಗುತ್ತಾ ಕೈ ಬೀಸಿದರು. ಬೀಗಲ್ಲಿನವರೂ ಬೀಸಿದರು. ಬೀಗಲ್ಲು ಬಾಲ ಬೀಸಿತು. ಮಾವ ಇನ್ನೂ ಜೋರಾಗಿ ಬೀಸಿದರು, ಅವರೂ ಇನ್ನೂ ಜೋರಾಗಿ ಬೀಸಿದರು. ನಾನು ಒಳಗಿಂದ ಓಡಿಬರುವಷ್ಟರಲ್ಲಿ ಗೌಡರು ಕೊಕ್ಕೆ ಎತ್ತಿ ಜಾಕಿನ ಗುಂಡಿ ಒತ್ತಿಯಾಗಿತ್ತು.

ಮೂತಿ ಎದ್ದಿತು, ಟ್ರಕ್ಕಿನ ಹಿಂಭಾಗವೂ ಜೊತೆಗೇ ಒಂದಿಷ್ಟು ಎದ್ದಿತು. ಇಳಿಜಾರಿನಲ್ಲಿ ಟ್ರೇಲರ್ ಟ್ರಕ್ಕನ್ನು ಒತ್ತುತ್ತಾ ನಿಂತಿದ್ದರಿಂದ ಕಪ್ಲರ್ ಗುಂಡನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ‘ಠಣ್’ ಅಂತ ಬಿಟ್ಟಿತು. ಬಿಟ್ಟ ಮೇಲೆ ಅಷ್ಟು ದೊಡ್ಡ ಮನೆ ಏನೂ ಅವಸರವಿಲ್ಲದೆ, ಮೆಲ್ಲಗೆ ಮುಂದಕ್ಕೆ ಹೊರಟಿತು. ಜಾಕಿನ ಕಾಲಿನಡಿ ಪೇರಿಸಿದ್ದ ಮರದ ತುಂಡುಗಳು ಉರುಳಿದವು. ಕಪ್ಲರ್ ಹೋಗಿ ಟ್ರಕ್ಕಿನ ಹಿಂಬಾಗಿಲಿಗೆ ಗುದ್ದಿತು, ಮೂತಿ ಬಂಪರ್ ಮೇಲೆ ಕುಕ್ಕರಿಸಿತು, ಜಾಕಿನ ಕಾಲು ಸೊಟ್ಟಗಾಯಿತು. ಗೌಡರು ವಯಸ್ಸಿಗೆ ಮೀರಿದ ನೆಗೆತ ನೆಗೆದು ಪಕ್ಕಕ್ಕೆ ಬಿದ್ದರು. ಮೈ ತರಚಿತು, ಕಾಲು ಉಳಿಯಿತು. ಟ್ರಕ್ಕು ಅಡ್ಡವಿತ್ತು ಅಂತ ಅಲ್ಲಿಗೆ ನಿಂತಿತು. ಇಲ್ಲದಿದ್ದರೆ ಎದುರು ಮನೆಯ ಟಪಾಲು ಪೆಟ್ಟಿಗೆಯೇ ಗತಿ.

ಎಲ್ಲರೂ ಬಾಯಿಬಿಟ್ಟು ನಿಂತಿದ್ದಾಗ ಮೊದಲು ಕದಲಿದವರು ಮಾವ. ಬೇಲಿ ಸುತ್ತಿಕೊಂಡು ಹೋಗಿ, ಆ ಹಳದಿ ಬೆಣೆಗಳನ್ನು ಚಪ್ಪಲಿಯಿಂದಲೇ ಗಾಲಿಗೆ ಒದ್ದು ಸೇರಿಸಿದರು. ಮೇಲೆ ಇಟ್ಟಿಗೆ ತಂದು ಒತ್ತಿದರು. ಆಮೇಲೆ ಗೌಡರ ಕಡೆ ತಿರುಗಿ, ‘ಈಗ ಬಿಚ್ಚು’ ಅಂದರು. ಅದನ್ನು ನಾನು ಆ ಹೊತ್ತಿಗೆ ಅನುವಾದಿಸಲಿಲ್ಲ.

ಅನಂತರ ನಡೆದದ್ದು ನನಗೆ ಗುದ್ದಿದ ಸದ್ದಿಗಿಂತ ಹೆಚ್ಚು ನೆನಪಿದೆ. ಸದ್ದು ಕೇಳಿ ಬೀದಿಯವರೆಲ್ಲ ಸೇರಿದರು. ಸರಪಳಿ ಮತ್ತೆ ಕಟ್ಟಿ, ಇನ್ನೊಂದು ಜಾಕು ತಂದು ಮೂತಿ ಎತ್ತುವ ಹೊತ್ತಿಗೆ ಒಬ್ಬೊಬ್ಬರ ಬಾಯಿಂದ ಒಂದೊಂದು ಗುಟ್ಟು ಹೊರಬಿತ್ತು. ಎದುರು ಮನೆಯಾಕೆ ಎಲ್ಲ ಬಿಚ್ಚಿ ಪ್ಲಗ್ಗು ಒಂದನ್ನು ಮರೆತು ಹೊರಟು, ವೈರನ್ನು ಬುಡಸಮೇತ ಕಿತ್ತುಕೊಂಡು ಹೋಗಿದ್ದಳಂತೆ. ಅವಳ ಪಕ್ಕದವರ ಟ್ರಕ್ಕಿನ ಹಿಂಬಾಗಿಲಲ್ಲಿ ಒಂದು ತಗ್ಗಿದೆ. ಯಾರೋ ಗುದ್ದಿದರು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಅದು ಟ್ರೇಲರ್ ಕಟ್ಟಿಕೊಂಡಿದ್ದಾಗ ತಾವೇ ಬಾಗಿಲನ್ನು ಜಾಕಿನ ತಲೆಯ ಮೇಲೆ ಇಳಿಸಿದ್ದಂತೆ! ಇನ್ನೊಬ್ಬರದು ಕಟ್ಟುವಾಗಿನ ಕಥೆ. ಕಪ್ಲರ್ ಗುಂಡಿನ ಮೇಲೆ ಕೂತ ಹಾಗೆ ಕಂಡಿತ್ತು, ಒಳಗಿನ ಕೊಕ್ಕೆ ಕಚ್ಚಿರಲಿಲ್ಲ. ರಸ್ತೆಯ ಮೊದಲ ಉಬ್ಬಿಗೇ ಹಾರಿ ಸರಪಳಿಯ ಮೇಲೆ ಬಿತ್ತು. ಅಡ್ಡ ಹಾಯಿಸಿದ ಸರಪಳಿ ಕಾಪಾಡಿತು. ಅಂದಿನಿಂದ ಆತ ಕೊಕ್ಕೆ ಹಾಕಿದ ಮೇಲೆ ಜಾಕಿನಿಂದ ಮೂತಿಯನ್ನು ಒಂದಿಷ್ಟು ಎತ್ತಿ ನೋಡುತ್ತಾನೆ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎದ್ದರೆ ಕಚ್ಚಿದೆ ಅಂತ ಅರ್ಥ. ಬೀಗಲ್ಲಿನವರು ಕೊನೆಗೆ ಮೆಲ್ಲನೆ, ತಮ್ಮ ಜಾಕಿನ ಕಾಲು ಹಲಗೆ ಕೊಡದೆ ಒದ್ದೆ ಹುಲ್ಲಿನಲ್ಲಿ ಹೂತುಹೋದದ್ದನ್ನು ಹೇಳಿದರು. ನಾಯಿಯೊಂದೇ ಏನೂ ಹೇಳಲಿಲ್ಲ.

ಇವರೆಲ್ಲ ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದವರು. ಹವಾಮಾನ, ಫುಟ್‌ಬಾಲ್, ಹುಲ್ಲು ಕತ್ತರಿಸುವ ಯಂತ್ರ ಎಲ್ಲದರ ಬಗ್ಗೆಯೂ ಮಾತಾಡಿದ್ದರು. ಈ ವಿಷಯ ಮಾತ್ರ ಯಾರೂ ಎತ್ತಿರಲಿಲ್ಲ. ಒಬ್ಬರ ಹಿಂಬಾಗಿಲು ಎಲ್ಲರೆದುರು ನೆಗ್ಗಿದ ಮೇಲೆ ಉಳಿದವರ ಬಾಗಿಲೂ ತೆರೆಯಿತು. ಪ್ರವಾಸದ ಫೋಟೋ ತೋರಿಸುವವರು ಸೂರ್ಯಾಸ್ತ ತೋರಿಸುತ್ತಾರೆಯೇ ಹೊರತು ಸೊಟ್ಟಗಾದ ಜಾಕು ತೋರಿಸುವುದಿಲ್ಲ. ಆದರೆ ಪಕ್ಕದವನ ಕಾಲು ಉಳಿಸುವುದು ಸೂರ್ಯಾಸ್ತವಲ್ಲ. ಟ್ರೇಲರ್ ಎಡವಟ್ಟುಗಳ ಮೇಲೆ ಸಿನಿಮಾವೇ ಇದೆ: 1954ರಲ್ಲಿ ಲೂಸಿಲ್ ಬಾಲ್ ಮತ್ತು ಡೆಸಿ ಅರ್ನಾಜ್ ಜೋಡಿಯ ‘ದಿ ಲಾಂಗ್, ಲಾಂಗ್ ಟ್ರೇಲರ್’ ಅನ್ನುವ ನಗೆ ಚಿತ್ರ ಬಂತು. ಹೊಸ ಮದುವಣಗಿತ್ತಿ ಹೋದಲ್ಲೆಲ್ಲ ನೆನಪಿಗೆ ಅಂತ ಕಲ್ಲು ಆರಿಸಿ ಟ್ರೇಲರಿಗೆ ತುಂಬುತ್ತಾಳೆ. ಗಂಡ ಎಸೆಯೆಂದರೂ ಬಚ್ಚಿಡುತ್ತಾಳೆ, ಬೆಟ್ಟ ಹತ್ತುವಾಗ ಇಬ್ಬರ ಜೀವವೂ ಬಾಯಿಗೆ ಬರುತ್ತದೆ. ಮಾವನಿಗೆ ಆ ಕಥೆ ಹೇಳಿದೆ. ‘ಕಲ್ಲು ಒಳಗಡೆ ಇಟ್ರೆ ಏನು ಬತ್ತದೆ, ಗಾಲಿಗೆ ಕೊಡ್ಬೇಕು’ ಅಂದರು.

ಗೌಡರಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಅವರು ನಿವೃತ್ತರಾದದ್ದು ಇಲ್ಲಿನ ರೈಟ್-ಪ್ಯಾಟರ್‌ಸನ್ ವಾಯುನೆಲೆಯಿಂದ. ಬದುಕೆಲ್ಲ ವಿಮಾನ ರಿಪೇರಿ ಮಾಡಿದವರು, ಪಟ್ಟಿ ನೋಡದೆ ಒಂದು ತಿರುಪು ಬಿಗಿದವರಲ್ಲ. ಆ ಪಟ್ಟಿಯ ಅಭ್ಯಾಸ ಬೇರೂರಿದ ನೆಲವೂ ಇದೇ. 1935ರ ಅಕ್ಟೋಬರ್ 30ರಂದು ಆಗ ರೈಟ್ ಫೀಲ್ಡ್ ಅನ್ನಿಸಿಕೊಳ್ಳುತ್ತಿದ್ದ ಇದೇ ಮೈದಾನದಿಂದ ಬೋಯಿಂಗ್‌ನ ‘ಮಾಡೆಲ್ 299’ ಅನ್ನುವ ಹೊಸ ವಿಮಾನ ಮೇಲೇರಿತು, ಏರಿದ್ದೇ ನೆಲಕ್ಕಪ್ಪಳಿಸಿತು. ಯಂತ್ರದಲ್ಲಿ ದೋಷವಿರಲಿಲ್ಲ. ನಿಂತಾಗ ಗಾಳಿಗೆ ಬಾಲದ ಆಡುವ ಭಾಗಗಳು ಅಲುಗಾಡದ ಹಾಗೆ ಹಾಕಿಟ್ಟ ಕೀಲನ್ನು ಬಿಚ್ಚುವುದು ಮರೆತುಹೋಗಿತ್ತು. ಸೇನೆಯ ಪೈಲಟ್ ಮೇಜರ್ ಪ್ಲೋಯರ್ ಹಿಲ್ ಮತ್ತು ಬೋಯಿಂಗ್‌ನ ಲೆಸ್ಲಿ ಟವರ್ ತೀರಿಕೊಂಡರು. ಅವರೇನು ಕಲಿಯುವ ಹುಡುಗರಾಗಿರಲಿಲ್ಲ, ಪಳಗಿದವರು. ಅದಾದ ಮೇಲೆ ಪೈಲಟ್ಟುಗಳು ಕೆಲಸಗಳ ಪಟ್ಟಿ ಮಾಡಿ ಒಂದೊಂದಾಗಿ ಓದಿ ನೋಡಿಕೊಳ್ಳುವ ಪದ್ಧತಿ ಬಂತು, ಅದೇ ವಿಮಾನ ಮುಂದೆ ಬಿ-17 ಆಗಿ ಹೆಸರು ಮಾಡಿತು. ಅಲ್ಲಿ ಬಿಚ್ಚಬೇಕಾದ್ದನ್ನು ಬಿಚ್ಚಿರಲಿಲ್ಲ, ಗೌಡರು ಬಿಚ್ಚಬಾರದ ಹೊತ್ತಿನಲ್ಲಿ ಬಿಚ್ಚಿದರು. ‘ಕೆಲಸದಲ್ಲಿ ಪಟ್ಟಿ, ಮನೆಯಲ್ಲಿ ಬಾಯಿಪಾಠ’ ಅಂತ ಅವರೇ ತಮ್ಮನ್ನು ಬೈದುಕೊಂಡರು.

ಇನ್ನು ಮೀನಿನ ಮಾತು ತಂದವರ ಪಾಡು. ಪಾಪ, ಕೆಲವು ದಿನ ನಾಯಿಯನ್ನು ಬೇರೆ ಬೀದಿಗೆ ಕರೆದೊಯ್ದರು. ಹರಟೆಯನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿದ್ದು ಇದೇ ಮೊದಲೇನಲ್ಲ. 1974ರ ಸೆಪ್ಟೆಂಬರ್ 11ರಂದು ಈಸ್ಟರ್ನ್ ಏರ್‌ಲೈನ್ಸ್‌ನ 212ನೇ ವಿಮಾನ ಉತ್ತರ ಕ್ಯಾರೊಲಿನಾದ ಷಾರ್ಲಟ್‌ನಲ್ಲಿ ಮಂಜಿನ ಬೆಳಗಿನಲ್ಲಿ ಇಳಿಯುವಾಗ ನೆಲಕ್ಕೆ ಬಡಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತನಿಖೆಯಲ್ಲಿ ತಿಳಿದದ್ದು: ಇಳಿಯುತ್ತಾ ಇಳಿಯುತ್ತಾ ಪೈಲಟ್ಟುಗಳಿಬ್ಬರೂ ರಾಜಕೀಯದಿಂದ ಹಿಡಿದು ಹಳೆಯ ಕಾರುಗಳವರೆಗೆ ಲೋಕಾಭಿರಾಮ ಮಾತಾಡುತ್ತಿದ್ದರು. 1981ರಲ್ಲಿ ಅಮೆರಿಕ ಸರ್ಕಾರ ಕಾನೂನನ್ನೇ ಮಾಡಿತು: ಪ್ರಯಾಣಿಕ ವಿಮಾನ ಏರುವಾಗ, ಇಳಿಯುವಾಗ, ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ಪೈಲಟ್ಟುಗಳು ಕೆಲಸಕ್ಕೆ ಸಂಬಂಧಪಡದ ಮಾತು ಆಡಕೂಡದು. ಹರಟೆಯ ಮೇಲೆ ಸರ್ಕಾರ ನಿಷೇಧ ಹೇರಿದ್ದನ್ನು ಕೇಳಿ ನನಗೆ ಮೊದಲು ನೋವಾಯಿತು. ಆಮೇಲೆ ಗಮನಿಸಿದೆ. ನಿಷೇಧ ಮಾತಿಗಲ್ಲ, ಹೊತ್ತಿಗೆ. ಮೂವತ್ತು ಸಾವಿರ ಅಡಿಯಲ್ಲಿ ಎಷ್ಟು ಬೇಕಾದರೂ ಹರಟಬಹುದು. ಏರುವ ಇಳಿಯುವ, ಕಟ್ಟುವ ಬಿಚ್ಚುವ ಆ ನಾಲ್ಕು ನಿಮಿಷ ಬಾಯಿಗೆ ಬೀಗ.

ಗೌಡರು ಈಗ ಒಂದು ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಜಾಕಿಗೆ ನೇತುಹಾಕಿದ್ದಾರೆ. ಮೊದಲನೆಯ ಸಾಲು, ಬೆಣೆ: ಎರಡೂ ಬದಿಯ ಗಾಲಿಗೆ, ಹಿಂದೆ ಮುಂದೆ, ಕೈಯಿಂದ ಮುಟ್ಟಿ ನೋಡು, ಕಣ್ಣು ನಂಬಬೇಡ. ಆಮೇಲೆ ಟ್ರಕ್ಕನ್ನು ಒಂದು ಗಳಿಗೆ ನ್ಯೂಟ್ರಲ್‌ಗೆ ಬಿಟ್ಟು, ಟ್ರೇಲರಿನ ಭಾರ ಬೆಣೆಯ ಮೇಲೆ ಕೂತಿತೇ ನೋಡಿ, ಮತ್ತೆ ಕೈಬ್ರೇಕು ಎಳೆ. ಅಲ್ಲಿ ಕದಲುವುದಿದ್ದರೆ ಎಲ್ಲ ಕಟ್ಟಿರುವಾಗಲೇ ಕದಲಲಿ. ಆಮೇಲೆ ಜಾಕಿನಡಿ ಅಗಲ ಹಲಗೆ, ಸರಳು, ಪ್ಲಗ್ಗು, ಕೊಕ್ಕೆ. ಮೂತಿ ಗುಂಡಿನಿಂದ ಪೂರ್ತಿ ಮೇಲೆದ್ದು, ಗಾಡಿ ನಿಂತಲ್ಲೇ ನಿಂತಿದೆ ಅಂತ ಖಾತ್ರಿಯಾದ ಮೇಲಷ್ಟೇ ತಂತಿ ಮತ್ತು ಸರಪಳಿ. ಇದು ಅವರು ಕಲಿತದ್ದರಲ್ಲಿ ಮುಖ್ಯವಾದದ್ದು. ಅಂದು ಸರಪಳಿ ಬಿಚ್ಚದೆ ಇದ್ದಿದ್ದರೆ ಬಾಗಿಲು ಉಳಿಯುತ್ತಿತ್ತು ಅಂತ ನಾನು ಹೇಳಲಾರೆ, ಆದರೆ ಟ್ರಕ್ಕು ಇಲ್ಲದ ಕಡೆಗೆ ಗಾಡಿ ಓಡುವ ಭಯ ಇರುತ್ತಿರಲಿಲ್ಲ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿದೆ: ಯಾರಾದರೂ ಮಾತಾಡಿಸಿದರೆ ಮೊದಲನೆಯ ಸಾಲಿನಿಂದ ಮತ್ತೆ ಶುರುಮಾಡು. ನಿಲ್ಲಿಸಿದ ಕಡೆಯಿಂದಲ್ಲ. ನಿಲ್ಲಿಸಿದ ಕಡೆ ಯಾವುದೆಂದು ನಮಗೆ ನೆನಪಿದೆ ಅನ್ನುವುದೇ ಎಲ್ಲ ಅನಾಹುತದ ಮೂಲ. ಹಳದಿ ಪ್ಲಾಸ್ಟಿಕ್ಕಿನ ಜಾಗಕ್ಕೆ ದಪ್ಪ ರಬ್ಬರಿನ ಬೆಣೆ ಬಂದಿದೆ, ಮಾವ ಒದ್ದು ನೋಡಿ ಒಪ್ಪಿದ್ದು.

ಹಾಗಂತ ಹರಟೆ ಕೆಟ್ಟದ್ದು ಅಂತ ಯಾರಾದರೂ ತೀರ್ಪು ಕೊಟ್ಟರೆ ನಾನು ಬೇಲಿ ಹಾರಿ ಜಗಳಕ್ಕೆ ಬರುತ್ತೇನೆ. ಟ್ರೇಲರಿನ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಬೆಣೆಯ ಮಾತೂ ಇತ್ತು, ಸರಪಳಿಯ ಮಾತೂ ಇತ್ತು. ಗೌಡರು ಓದಿದ್ದರು, ಬೀದಿಯವರೆಲ್ಲ ಓದಿದ್ದರು. ಪ್ಲಗ್ಗು ಕಿತ್ತುಹೋದದ್ದು, ಜಾಕು ಹೂತದ್ದು, ಕೊಕ್ಕೆ ಕಚ್ಚದೆ ಇದ್ದದ್ದು ಇವೆಲ್ಲ ಕಿವಿಗೆ ಬಿದ್ದದ್ದು ಹರಟೆಯಿಂದ, ಬಿದ್ದಮೇಲೆ ಮರೆಯದೆ ಉಳಿದದ್ದೂ ಹರಟೆಯಿಂದ. ಪುಸ್ತಕದ ಎಚ್ಚರಿಕೆಗೆ ಮುಖವಿರುವುದಿಲ್ಲ. ಪಕ್ಕದ ಮನೆಯವರ ಎಡವಟ್ಟಿಗೆ ಮುಖವಿರುತ್ತದೆ, ನೆಗ್ಗಿದ ಬಾಗಿಲಿರುತ್ತದೆ, ಹೇಳುವಾಗ ಒಂದಿಷ್ಟು ಉಪ್ಪುಖಾರವೂ ಇರುತ್ತದೆ.

ಉಪ್ಪುಖಾರ ಅಂದಾಗ ನೆನಪಾಯಿತು. ಮಾವ ಊರಿಗೆ ಹೋದ ಮೇಲೆ ಮೊನ್ನೆ ಫೋನಿನಲ್ಲಿ ಮೈದುನ ಕೇಳಿದ: ‘ಅತ್ಗೆ, ನಿಮ್ಮ ಪಕ್ಕದ ಮನೆ ಗೌಡ್ರ ಗಾಡಿ ಅರ್ಧ ಮೈಲಿ ಉರುಳ್ಕೊಂಡು ಹೋಗಿ ಕೆರೆಗೆ ಬಿತ್ತಂತೆ? ಅಪ್ಪನೇ ಹಾರಿ ಹಿಡ್ಕೊಂಡರಂತೆ?’ ನಮ್ಮ ಬೀದಿಯ ಹತ್ತಿರದಲ್ಲೆಲ್ಲೂ ಕೆರೆಯಿಲ್ಲ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಯಾಕೆಂದರೆ ಮೈದುನ ಮುಂದುವರಿದು ಹೇಳಿದ, ಈ ಸಲ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಹುಡುಗರು ಟ್ರೇಲರಿನ ಪಿನ್ನಿಗೆ ಕೈ ಹಾಕುವ ಮುಂಚೆ ಗಾಲಿಗೆ ಕಲ್ಲು ಕೊಡುತ್ತಿದ್ದಾರಂತೆ. ಕೊಡದವನಿಗೆ ‘ಏನ್ಲಾ, ಓಹೈಯೋ ಗೌಡ ಆಗ್ತೀಯಾ?’ ಅಂತ ಮಾವ ಕಟ್ಟೆ ಮೇಲಿಂದಲೇ ಕೂಗುತ್ತಾರಂತೆ. ಕಥೆ ಎಷ್ಟು ದೂರ ಬೇಕಾದರೂ ಉರುಳಲಿ ಬಿಡಿ. ಗಾಡಿ ಉರುಳದಿದ್ದರೆ ಸಾಕು.